ಗಫೂರ್ ಸಾಹೇಬರು ಕಟ್ಟಿದ ಕೊನೆಯ ಜೋಡಿ

ಗಫೂರ್ ಸಾಹೇಬರಿಗೆ ಮರೆತುಹೋಗಿತ್ತು. ನಡೆದದ್ದು ಅಷ್ಟೇ. ಅದರಲ್ಲಿ ಉಪಾಯವೂ ಇರಲಿಲ್ಲ, ಪಾಠವೂ ಇರಲಿಲ್ಲ. ಎಂಬತ್ತೊಂದು ವರ್ಷದ ಮುದುಕರು ಮಂಗಳವಾರ ಒಬ್ಬಳಿಗೆ ಹೇಳಿದ್ದನ್ನು ಗುರುವಾರದೊಳಗೆ ಮರೆತು, ಅದೇ ಮಾತನ್ನು ಇನ್ನೊಬ್ಬಳಿಗೂ ಹೇಳಿದರು. ಎರಡು ದಿನವೂ ನಾನು ಅದೇ ಕೋಣೆಯಲ್ಲಿ ಕಿಟಕಿ ಪಕ್ಕ ಕುಳಿತು ಹೊಲಿಯುತ್ತಿದ್ದೆ. ಕಣ್ಣು ಮಂಜಾದರೂ ಕಿವಿ ನನಗಿನ್ನೂ ಚೆನ್ನಾಗಿದೆ.

ಆಕ್ಲೆಂಡಿನಲ್ಲಿ ಕುಸ್ತಿ ನೋಡುವ ಜನರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಜೀವಮಾನವೆಲ್ಲ ನಾಟಕದ ಕುಸ್ತಿ ಆಡಿಸಿದ ಗಫೂರ್ ಅಂಕಲ್, ಹೋಗುವ ಮುಂಚೆ ಬೇಕೆಂದೇ ಇಬ್ಬರು ಹುಡುಗಿಯರನ್ನು ಕತ್ತಲಲ್ಲಿಟ್ಟು ಒಂದೇ ಒಂದು ನಿಜವಾದ ಕುಸ್ತಿ ಆಡಿಸಿದರು, ಎಂಥ ತಲೆ, ಎಂಥ ಗುರು, ಹೀಗೆ. ಫೋನುಗಳಲ್ಲಿ ಅದರ ವಿಡಿಯೋ ಇನ್ನೂ ಓಡಾಡುತ್ತಿದೆ. ಹೋದ ಸಂಕ್ರಾಂತಿಯಲ್ಲಿ ಕನ್ನಡದವರೆಲ್ಲ ಸೇರಿ ಊಟ ಮಾಡಿದಾಗ ಬೆಂಗಳೂರಿನ ಒಬ್ಬ ಇಂಜಿನಿಯರು, ರಿಂಗನ್ನು ಕಣ್ಣಲ್ಲಿ ಕಾಣದವರು, ಪಕ್ಕದಲ್ಲಿ ಕುಳಿತು ನನಗೇ ಈ ಕಥೆಯನ್ನು ಬಿಡಿಸಿ ಹೇಳಿದರು. ನಾನು ಪಾಯಸ ತಿಂದು ಎದ್ದು ಬಂದೆ. ಸಾಹೇಬರ ಹೆಂಡತಿ ಜುಬೇದಾಗೆ ಮಾತು ಕೊಟ್ಟಿದ್ದೆ, ಬಾಯಿ ಬಿಡುವಂತಿರಲಿಲ್ಲ. ಈಗ ಅವಳೇ "ಸಾಕು ಅಕ್ಕಾ, ಇದ್ದದ್ದು ಇದ್ದ ಹಾಗೆ ಬರೆದುಬಿಡಿ" ಅಂದಿದ್ದಾಳೆ. ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು, ಒತ್ತಕ್ಷರ ಕೈಕೊಟ್ಟಲ್ಲಿ ನೀವೇ ಸರಿಮಾಡಿಕೊಳ್ಳಿ.

ನೆನಪಾಗಲು ಕಾರಣ ಒಂದು ಬಟ್ಟೆಚೂರು. ಮೊನ್ನೆ ಅಳಿಯನ ಪ್ಯಾಂಟಿಗೆ ಹುಕ್ಕು ಹುಡುಕುತ್ತ ಬಿಸ್ಕತ್ತಿನ ಡಬ್ಬಿ ಬಗ್ಗಿಸಿದೆ. ದಾರದುಂಡೆ, ಪಿನ್ನು, ಮೊಂಡು ಕತ್ತರಿಯ ನಡುವೆ ಅಂಗೈಯಗಲದ ಚಿನ್ನದ ಬಣ್ಣದ ಸ್ಯಾಟಿನ್ ಬಿತ್ತು. ಹುಕ್ಕು ಸಿಗಲಿಲ್ಲ. ಆ ಚೂರನ್ನು ಹಿಡಿದುಕೊಂಡು ಸುಮ್ಮನೆ ಕುಳಿತುಬಿಟ್ಟೆ. ಅಳಿಯ ಹಳೇ ಪ್ಯಾಂಟಿನಲ್ಲೇ ಆಫೀಸಿಗೆ ಹೋದ.

ನಾನು ಮೈಸೂರಿನ ನಜರ್‌ಬಾದಿನವಳು. ನಮ್ಮಪ್ಪ ಗರಡಿಮನೆ ಇಟ್ಟಿದ್ದರು. ಪೈಲ್ವಾನರ ಕಾಚಗಳನ್ನು ಹೊರಗಿನವರ ಕೈಲಿ ಹೊಲಿಸುವುದು ಅವರಿಗೆ ಸರಿಬರುತ್ತಿರಲಿಲ್ಲವಾದ್ದರಿಂದ ನನ್ನನ್ನು ಸ್ಕೂಲು ಬಿಡಿಸಿ ಮಿಷನ್ ಮುಂದೆ ಕೂರಿಸಿದರು. ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನ ಕಣಕ್ಕೆ ಮಟ್ಟಿ ಎನ್ನುತ್ತಾರೆ. ಅದರ ಮೇಲೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಅಡುಗೆಮನೆ ಕಿಟಕಿಯಿಂದ ಮಾತ್ರ ಕಾಣುತ್ತಿತ್ತು. ಅಲ್ಲಿಂದಲೇ ನೋಡಿ ನೋಡಿ ಪಟ್ಟುಗಳನ್ನು ಕಲಿತು ತಂಗಿಯ ಮೇಲೆ ಪ್ರಯೋಗ ಮಾಡುತ್ತಿದ್ದೆ. ಅವಳ ಎಡಗೈ ಇವತ್ತಿಗೂ ಪೂರ್ತಿ ಮೇಲಕ್ಕೆ ಹೋಗುವುದಿಲ್ಲ. ನನ್ನ ಮದುವೆಯಲ್ಲಿ ಗಂಡಿನ ಕಡೆಯವರಿಗೆಲ್ಲ ಅದನ್ನು ಎತ್ತಿ ತೋರಿಸಿದಳು.

ಇಪ್ಪತ್ತೆರಡು ವರ್ಷದ ಹಿಂದೆ ಮಗಳು ಸುಮಾಳ ಬಾಣಂತನಕ್ಕೆಂದು ಬಂದು ಆಕ್ಲೆಂಡಿನ ಏವನ್‌ಡೇಲಿನಲ್ಲಿ ಉಳಿದೆ. ಸಾಹೇಬರು ಸಿಕ್ಕಿದ್ದು ಅಲ್ಲಿನ ಭಾನುವಾರದ ಸಂತೆಯಲ್ಲಿ. ಬಲಿತ ಬೆಂಡೆಕಾಯಿಯನ್ನು ಎಳೆಯದೆಂದು ಕೊಟ್ಟ ಅಂಗಡಿಯವಳಿಗೆ, ಅವಳಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ, ನಾನು ಕನ್ನಡದಲ್ಲಿ ಬೈಯುತ್ತಿದ್ದೆ. ಹಿಂದಿನಿಂದ ಒಂದು ದಪ್ಪ ದನಿ ಬಂತು. "ನಜರ್‌ಬಾದಿನ ಬೈಗುಳ ಇದ್ದಂಗಿದೆಯಲ್ಲ ತಂಗ್ಯಮ್ಮ." ತಿರುಗಿದರೆ ಬಾಗಿಲಿನಷ್ಟು ಅಗಲದ ಮನುಷ್ಯ, ಹೂಕೋಸಿನಂತೆ ಮುದುಡಿದ ಕಿವಿ, ಕೈಯಲ್ಲಿ ಹೀರೇಕಾಯಿ. ಆ ಪೈಲ್ವಾನರ ಕಿವಿ ಕಂಡಮೇಲೆ ಇವರದು ಏನು ಕೆಲಸ ಎಂದು ಕೇಳಬೇಕಾಗಲಿಲ್ಲ. ಅವರು ಕೇಳಿದರು, ಹೊಲಿಗೆ ಬರುತ್ತಾ ಎಂದು. ಅಂದಿನಿಂದ ಅವರ ಕುಸ್ತಿ ಕಂಪನಿಯ ಚಡ್ಡಿ, ಮುಖವಾಡ, ನಿಲುವಂಗಿಗಳೆಲ್ಲ ನಮ್ಮ ಗ್ಯಾರೇಜಿನಲ್ಲಿ ಹೊಲಿದಂಥವು.

ಅವರು ಈ ದೇಶಕ್ಕೆ ಬಂದದ್ದು ಮಾಂಸದ ಕಾರ್ಖಾನೆಯಲ್ಲಿ ಹಲಾಲ್ ಮಾಡುವ ಕೆಲಸಕ್ಕೆ. ಶನಿವಾರಗಳಲ್ಲಿ ಕುಸ್ತಿಗೆ ಹೋದರು. ಆಗಿನ ಕುಸ್ತಿ ಆಡಿಸುವವರು ಇವರ ತಲೆಗೆ ಜರಿಪೇಟ ಸುತ್ತಿ, ಮಹಾರಾಜ ಎಂದು ಕೂಗಿ ಕರೆದು, ಬಿಳಿಯರ ಕೈಲಿ ಸೋಲಿಸುತ್ತಿದ್ದರು. ಜನ ಬೂ ಎನ್ನಲು ಒಬ್ಬ ಬೇಕಿತ್ತು. ಹನ್ನೊಂದು ವರ್ಷ ಒಂದು ವಾರವೂ ತಪ್ಪದೆ ಸೋತರು. ಆಮೇಲೆ ಒಂದು ರಿಂಗು ಕಟ್ಟಿಸಿ, ಬಿಚ್ಚಿ ತಮ್ಮ ಪಿಕಪ್ ಗಾಡಿಯ ಹಿಂದಿನ ಟ್ರೇಲರಿಗೆ ಹೇರಿ, ಶಾಲೆಯ ಹಾಲ್, ಕ್ಲಬ್ಬಿನ ಹಾಲ್ ಎಂದು ಊರೂರು ತಿರುಗಿ ಸ್ವಂತ ಕುಸ್ತಿ ಆಡಿಸಿದರು. ಅವರ ಕಂಪನಿಯಲ್ಲಿ ಸೋಲು ಸರದಿಯ ಮೇಲೆ ಬರುತ್ತಿತ್ತು. ಬಿಳಿಯನಿರಲಿ, ಈ ನೆಲದ ಮೂಲದವನಾದ ಮಾವೊರಿ ಇರಲಿ, ಸಮೋವಾ ದ್ವೀಪದವನಿರಲಿ, ಒಬ್ಬೊಬ್ಬರೂ ಗೆದ್ದಷ್ಟೇ ಸಲ ಸೋಲಬೇಕು.

ಯಾರು ಗೆಲ್ಲಬೇಕು ಎಂಬುದು ಮೊದಲೇ ಗೊತ್ತಾಗಿರುವ ಕುಸ್ತಿ ಅದು. ಮೊದಲ ಸಲ ನೋಡಿದಾಗ ನನಗೆ ಮೈಯುರಿದಿತ್ತು. ಕಾಲು ನೆಲಕ್ಕೆ ಬಡಿದು ಸದ್ದು ಮಾಡುವುದು, ಸುಮ್ಮನೆ ಚೀರುವುದು. ಸಾಹೇಬರಿಗೆ ಮುಖದ ಮೇಲೇ ಹೇಳಿದೆ, ಇದು ಕುಸ್ತಿಯಲ್ಲ, ಬಯಲಾಟ. ಅವರಿಗೆ ಬೇಜಾರಾಗಲಿಲ್ಲ. ನಾನು ಹೊಲಿದ ಚಡ್ಡಿ ಮೊದಲ ಪಂದ್ಯದಲ್ಲೇ ಹಿಂದೆ ಬಿರಿದದ್ದನ್ನು ಮಾತ್ರ ನೆನಪಿಸಿದರು. ಆ ದಿನ ಜನ ಜೋರಾಗಿ ನಕ್ಕದ್ದು ಅದಕ್ಕೇ.

ನಮ್ಮೂರಿನಲ್ಲಿ ದಸರೆಗೆ ಮುಂಚೆ ಜೋಡಿ ಕಟ್ಟುವ ದಿನ ಎಂದಿರುತ್ತದೆ. ಎತ್ತರ, ತೂಕ, ತಾಲೀಮು ನೋಡಿ, ಇಬ್ಬರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಹಿರಿಯರು ಕೈಗೆ ಕೈ ಸೇರಿಸಿ ಇವರಿಬ್ಬರದು ಜೋಡಿ ಎನ್ನುತ್ತಾರೆ. ಸಾಹೇಬರು ಅದನ್ನು ಇಲ್ಲಿಗೂ ತಂದಿದ್ದರು. ಪೆನ್‌ರೋಸಿನಲ್ಲಿ ಟೈರಿನ ಗೋಡೌನಿನ ಹಿಂದೆ ಅವರ ತಾಲೀಮಿನ ಶೆಡ್ಡು. ಅಲ್ಲಿ ಇಬ್ಬರ ಬಲಗೈಗಳನ್ನೂ ಒಂದರ ಮೇಲೊಂದು ತಮ್ಮ ಎರಡು ಅಂಗೈಗಳ ನಡುವೆ ಹಿಡಿದು, ತಲೆಗೆ ತಲೆ ಸೇರಿಸಿ, ಯಾರು ಗೆಲ್ಲಬೇಕು ಎಂದು ಒಂದೇ ಸಲ ಹೇಳುತ್ತಿದ್ದರು. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ, ಆಡುವ ಇಬ್ಬರು ತಮ್ಮ ತಮ್ಮಲ್ಲೂ ಎತ್ತುವಂತಿಲ್ಲ. ರೆಫರಿಗೂ ಗೊತ್ತಿರುವುದಿಲ್ಲ. ಕಾಗದವಿಲ್ಲ, ಫೋನಿಲ್ಲ. ಇಬ್ಬರೂ ಒಟ್ಟಿಗೆ ಕೇಳಿಸಿಕೊಂಡದ್ದರಿಂದ ತಪ್ಪಾಗಲು ಜಾಗವೇ ಇರಲಿಲ್ಲ. ಇಬ್ಬರೂ ಒಟ್ಟಿಗೆ ಬರುತ್ತಿದ್ದಷ್ಟು ಕಾಲ.

ನಾನು ಬಾಣಂತನಕ್ಕೆ ಬಂದಾಗ ಹುಟ್ಟಿದ ಮಗು ನಿಶಾ. ಹೈಸ್ಕೂಲಿನಲ್ಲಿದ್ದಾಗ ನನ್ನ ಬಟ್ಟೆಗಂಟು ಹೊತ್ತುಕೊಂಡು ಆ ಶೆಡ್ಡಿಗೆ ಬಂದವಳು ಅಲ್ಲೇ ಅಂಟಿಕೊಂಡಳು. ಸುಮಾ ಆರು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೂ, ಆಲ್ಬನಿಯ ಕಾಲೇಜಿನಲ್ಲಿ ಓದುತ್ತಾ ವಾರಕ್ಕೆ ನಾಲ್ಕು ದಿನ ತಾಲೀಮಿಗೆ ಹೋಗುವ ಮಗಳನ್ನು ಯಾವ ಗಂಡಿಗೆ ತೋರಿಸಲಿ ಎಂಬುದು ಅವಳ ಸಂಕಟ. ನಾನು ಅವಳಿಗೆ ಇನ್ನೊಂದು ವಿಷಯ ಹೇಳಲೇ ಇಲ್ಲ. ಗ್ಯಾರೇಜಿನಲ್ಲಿ ಹಳೇ ಹಾಸಿಗೆ ಹಾಸಿ, ಅಪ್ಪನ ಪಟ್ಟುಗಳನ್ನು ನಾನೇ ನಿಶಾಗೆ ತೋರಿಸಿಕೊಟ್ಟಿದ್ದೆ. ಹಿಂದಿನಿಂದ ಕೈ ಹಾಕಿ ಭುಜ ಲಾಕು ಮಾಡುವ ಪಟ್ಟೂ ಅದರಲ್ಲಿತ್ತು, ತಂಗಿಯ ಕೈ ಹೋದದ್ದು ಅದರಿಂದಲೇ. ಆಟದಲ್ಲಿ ಅದನ್ನು ಹಾಕಬೇಡ ಎಂದು ಹೇಳಿದ್ದೆ. ಆದರೂ ಕಲಿಸಿದವಳು ನಾನೇ.

ಸೀನಾ ಸಮೋವಾದವರ ಹುಡುಗಿ, ಮ್ಯಾಂಗೆರೆಯಲ್ಲಿ ಮನೆ, ಪೆನ್‌ರೋಸಿನ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ. ನಿಶಾಗಿಂತ ಮೂರು ವರ್ಷ ದೊಡ್ಡವಳು, ಭುಜ ಒಂದು ಗೇಣು ಹೆಚ್ಚು ಅಗಲ. ಇಬ್ಬರೂ ಆರು ವರ್ಷ ಒಂದೇ ರಿಂಗಿನಲ್ಲಿ ಬಿದ್ದು ಎದ್ದವರು. ಒಬ್ಬಳು ಎತ್ತಿ ಎಸೆಯುವಾಗ ಇನ್ನೊಬ್ಬಳ ಕುತ್ತಿಗೆ ಅವಳ ಕೈಯಲ್ಲಿರುತ್ತದೆ. ಆ ಕುಸ್ತಿಯಲ್ಲಿ ಸ್ನೇಹ ಎಂದರೆ ಅಷ್ಟೇ, ನನ್ನ ಕುತ್ತಿಗೆಯನ್ನು ಇವಳು ಮುರಿಯುವುದಿಲ್ಲ ಎಂಬುದು.

ಸಾಹೇಬರು ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡು ಗಾಲಿಕುರ್ಚಿಗೆ ಬಂದರು. ಕಂಪನಿಯನ್ನು ಯಾರಿಗಾದರೂ ಬಿಡಬೇಕಿತ್ತು. ಕೊನೆಯ ಪಂದ್ಯ ನಿಶಾ ಮತ್ತು ಸೀನಾಗೆ, ಗೆದ್ದವಳಿಗೆ ಚಾಂಪಿಯನ್ ಬೆಲ್ಟು, ಮುಂದೆ ಜೋಡಿ ಕಟ್ಟುವವಳು ಅವಳೇ ಎಂದು ಎಲ್ಲರೆದುರು ಹೇಳಿದರು. ಜನಕ್ಕೆ ಅದು ಆಟದ ಮಾತು. ಇಬ್ಬರು ಹುಡುಗಿಯರಿಗೆ ಅದು ನಿಜವೆಂದು ಗೊತ್ತಿತ್ತು. ಗೆದ್ದವಳು ಹಾಕಿಕೊಳ್ಳಲು ಚಿನ್ನದ ಬಣ್ಣದ ನಿಲುವಂಗಿ ಹೊಲಿಯಬೇಕಾದವಳು ನಾನು. ಯಾರ ಅಳತೆಗೆ ಎಂದು ಕೇಳಿದರೆ, ಆಮೇಲೆ ಹೇಳುತ್ತೇನೆ ಎಂದರು.

ನಿಶಾಗೆ ಆ ವಾರ ಪರೀಕ್ಷೆ, ಸೀನಾಗೆ ಬೇರೆ ಪಾಳಿ. ಇಬ್ಬರಿಗೂ ಒಂದೇ ದಿನ ಬಿಡುವಾಗಲಿಲ್ಲ. ಸಾಹೇಬರು ಮೌಂಟ್ ರಾಸ್ಕಿಲ್‌ನ ತಮ್ಮ ಮನೆಗೇ ಅವರನ್ನು ಬೇರೆ ಬೇರೆ ಕರೆಸಿಕೊಂಡರು. ಮಂಗಳವಾರ ನಿಶಾ ಬಂದಳು. ಅವಳ ಬಲಗೈ ಒಂದನ್ನೇ ಎರಡು ಅಂಗೈಗಳ ನಡುವೆ ಹಿಡಿದು, ಗೆಲ್ಲುವವಳು ನೀನೇ, ಕಂಪನಿ ಇನ್ನು ನಿನ್ನದು ಎಂದರು. "ಸೀನಾಗೆ ಹೇಳ್ತೀನಿ, ಒಪ್ಕೋತಾಳೆ. ಅವಳ ಮುಂದೆ ಈ ಮಾತು ಎತ್ತಬೇಡ ಮಗಳೇ, ನೊಂದ್ಕೋತಾಳೆ." ಅವಳು ಹೋದಮೇಲೆ ನನಗೆ, ನಿನ್ನ ಮೊಮ್ಮಗಳ ಅಳತೆಗೆ ಹೊಲಿ ಎಂದರು. ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳು. ಸಂಜೆಯೊಳಗೆ ಬಟ್ಟೆ ಕತ್ತರಿಸಿಯೇಬಿಟ್ಟೆ.

ಗುರುವಾರ ಸೀನಾ ಬಂದಳು. ಸಾಹೇಬರು ಅವಳ ಬಲಗೈ ಹಿಡಿದರು. ಅದೇ ಮಾತು, ಈ ಸಲ ಇಂಗ್ಲಿಷಿನಲ್ಲಿ. ಗೆಲ್ಲುವವಳು ನೀನೇ. ನಿಶಾಗೆ ಹೇಳಿದ್ದೇನೆ, ಒಪ್ಪಿದ್ದಾಳೆ, ಅವಳ ಮುಂದೆ ಎತ್ತಬೇಡ. ಸೀನಾ ದೊಡ್ಡ ದೇಹವನ್ನು ಮುದುಡಿಕೊಂಡು ಅವರ ಕೈಗೆ ಹಣೆ ಹಚ್ಚಿ ಅತ್ತಳು. ನನ್ನ ಸೂಜಿ ಬೆರಳಿಗೆ ಚುಚ್ಚಿತು. ನಾನು ಅಂದುಕೊಂಡೆ, ಸಾಹೇಬರು ಮನಸ್ಸು ಬದಲಾಯಿಸಿದ್ದಾರೆ, ನಿಶಾಳನ್ನು ಮತ್ತೆ ಕರೆಸಿ ಹೇಳುತ್ತಾರೆ.

ಸೀನಾ ಹೋದಮೇಲೆ ನನ್ನ ಕಡೆ ತಿರುಗಿ, ಸೀನಾ ಅಳತೆಗೆ ಹೊಲಿ, ಭುಜ ಅಗಲ ಬಿಡು ಎಂದರು.

"ಮೊನ್ನೆ ನಿಶಾ ಅಂದ್ರಲ್ಲ ಸಾಯೇಬ್ರೇ."

ಅವರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ದಾರಿ ತಪ್ಪಿದವರು ಬೋರ್ಡು ಹುಡುಕುವ ಹಾಗೆ ನನ್ನ ಮುಖದಲ್ಲಿ ಏನನ್ನೋ ಹುಡುಕಿದರು. "ಮೊನ್ನೆ ಯಾರು ಬಂದಿದ್ರು?"

ಬಾಗಿಲಲ್ಲಿ ಜುಬೇದಾ ಚಹಾ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದಾಗ ನನಗೆ ಎಲ್ಲ ತಿಳಿಯಿತು. ಇದು ಮೊದಲನೆಯ ಸಲವಲ್ಲ.

ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದಳು. ಒಂದು ವರ್ಷದಿಂದ ಹೀಗೇ ಆಗುತ್ತಿದೆಯಂತೆ. ಚಪ್ಪಲಿ ಫ್ರಿಜ್ಜಿನಲ್ಲಿ ಸಿಗುತ್ತದೆ. ನಮಾಜು ಮುಗಿಸಿ ಎದ್ದವರು ಮತ್ತೆ ನಮಾಜಿಗೆಂದು ಕೈಕಾಲು ತೊಳೆದು ವಜೂ ಮಾಡಲು ಹೋಗುತ್ತಾರೆ. ಕುಸ್ತಿಯ ಹಳೇ ವಿಷಯ ಕೇಳಿದರೆ ಮಾತ್ರ ತೂಕದ ಸಮೇತ ಹೇಳುತ್ತಾರೆ, ಅದರಿಂದ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಾನೆಂದೆ, ಹುಡುಗಿಯರಿಗೆ ಈಗಲೇ ಹೇಳಬೇಕು, ಇಲ್ಲದಿದ್ದರೆ ಯಾರದಾದರೂ ಕುತ್ತಿಗೆ ಹೋಗುತ್ತದೆ. ಜುಬೇದಾ ನನ್ನ ಎರಡೂ ಮುಂಗೈ ಹಿಡಿದುಕೊಂಡಳು.

"ಹನ್ನೊಂದು ವರ್ಷ ಜನ ಬೂ ಅಂದ್ರು ಅಕ್ಕಾ, ಅದನ್ನ ತಡ್ಕೊಂಡ್ರು. ಪಾಪ ಅಂದ್ರೆ ತಡ್ಕೊಳ್ಳಲ್ಲ. ಆ ಒಂದಿನ ಆಗೋಗ್ಲಿ. ಆಮೇಲೆ ನಾನೇ ಮನೇಲಿ ಕೂರಿಸ್ಕೋತೀನಿ. ಯಾರಿಗೂ ಹೇಳಬೇಡಿ."

ನಾನು ಹೂಂ ಎಂದೆ.

ಪಂದ್ಯಕ್ಕೆ ಹದಿನಾರು ದಿನವಿತ್ತು. ಆ ಹದಿನಾರು ದಿನ ನನಗೆ ಅನ್ನ ಸೇರಲಿಲ್ಲ ಎಂದೆಲ್ಲ ಬರೆಯುವುದಿಲ್ಲ, ಸೇರಿತು. ಆದರೆ ಮಿಷನ್ ಮುಂದೆ ಕುಳಿತರೆ ಕಾಲು ತುಳಿಯುತ್ತಿರಲಿಲ್ಲ. ನಿಲುವಂಗಿಯನ್ನು ಎರಡು ಸಲ ಬಿಚ್ಚಿದೆ. ನಿಶಾ ಅಳತೆಗೆ ಹೊಲಿದರೆ ಸೀನಾ ಭುಜ ಹೋಗುವುದಿಲ್ಲ, ಸೀನಾ ಅಳತೆಗೆ ಬಿಟ್ಟರೆ ನಿಶಾ ಅದರೊಳಗೆ ಮುಳುಗುತ್ತಾಳೆ. ಕೊನೆಗೆ ಪಕ್ಕದ ಹೊಲಿಗೆ ಹಾಕದೆ ಪಿನ್ನು ಚುಚ್ಚಿಟ್ಟೆ.

ಅದಕ್ಕಿಂತ ನೋಡಲಾಗದ್ದು ಹುಡುಗಿಯರ ಒಳ್ಳೆಯತನ. ಪಾಪ ಇವಳು ಸೋಲುತ್ತಾಳಲ್ಲ ಎಂದು ಇಬ್ಬರಿಗೂ ಇನ್ನೊಬ್ಬಳ ಮೇಲೆ ಕನಿಕರ. ಸೀನಾ ತೆಂಗಿನಹಾಲಿನ ಬನ್ನು ಮಾಡಿಸಿ ತಂದುಕೊಟ್ಟಳು. ನಿಶಾ ತನ್ನ ಹೊಸ ಬೂಟನ್ನು ಸೀನಾ ತಂಗಿಗೆ ಕೊಟ್ಟುಬಂದಳು. ತಾಲೀಮಿನಲ್ಲಿ ಒಬ್ಬಳನ್ನೊಬ್ಬಳು ಹತ್ತಿಯ ಮೂಟೆಯಂತೆ ಇಳಿಸುತ್ತಿದ್ದರು. ನಾನು ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ. ಎರಡು ಸಲ ಎದ್ದು ನಿಂತೆ, ಎರಡು ಸಲ ಕುಳಿತೆ.

ಪಂದ್ಯದ ಹಿಂದಿನ ದಿನ ನಿಶಾ ಗ್ಯಾರೇಜಿಗೆ ಬಂದು ನಿಲುವಂಗಿ ಮುಟ್ಟಿ ನೋಡಿದಳು. "ಅಜ್ಜಿ, ಇದು ಬಿಗ್ ಆಗಲ್ವಾ ನಂಗೆ?" ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು, ಹೇಳಬಾರದ್ದು ಬಾಯಿಗೆ ಬಂದದ್ದಕ್ಕೆ. ಆಗ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಇನ್ನೂ ಹೊಲಿಗೆ ಹಾಕಿಲ್ಲ, ಹೋಗು ಎಂದೆ.

ನನ್ನ ಬಾಯಿ ಕಟ್ಟಿದ್ದು ಜುಬೇದಾಗೆ ಕೊಟ್ಟ ಮಾತು ಎಂದು ನಾನು ಆಗ ಅಂದುಕೊಂಡೆ. ಪೂರ್ತಿ ಅದಲ್ಲ. ಅದನ್ನು ಮುಂದೆ ಹೇಳುತ್ತೇನೆ, ಈಗ ಕೈ ಓಡುವುದಿಲ್ಲ.

ಶನಿವಾರ ಮಧ್ಯಾಹ್ನ ಮೂರು ಗಂಟೆ. ಏವನ್‌ಡೇಲಿನ ಹಾಲ್ ತುಂಬಿ, ಜನ ಹಿಂದೆ ನಿಂತೂ ಇದ್ದರು. ಸಾಹೇಬರ ಗಾಲಿಕುರ್ಚಿ ಮುಂದಿನ ಸಾಲಿನಲ್ಲಿ. ಅವರ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಜುಬೇದಾ. ಜುಬೇದಾ ಕುಸ್ತಿ ನೋಡಲು ಬಂದದ್ದು ಮದುವೆಯಾದಮೇಲೆ ಅದೇ ಮೊದಲು. ಸಾಹೇಬರ ಹೆಗಲ ಮೇಲೆ ಯಾವಾಗಲೂ ಒಂದು ಬಿಳೀ ಟವಲು ಇರುತ್ತಿತ್ತು. ಯಾರಿಗಾದರೂ ನಿಜವಾಗಿ ಪೆಟ್ಟಾದರೆ ಅದನ್ನು ರಿಂಗಿಗೆ ಎಸೆಯುತ್ತಾರೆ, ಬೆಲ್ಲು ಹೊಡೆಯುತ್ತದೆ, ಆಟ ಅಲ್ಲಿಗೆ ನಿಂತಿತು. ಟವಲು ಎಸೆಯುವ ಹಕ್ಕು ಅವರೊಬ್ಬರದೇ.

ಹುಡುಗಿಯರಿಬ್ಬರೂ ಬಂದು, ಸಾಹೇಬರು ಎಲ್ಲರಿಗೂ ಕಲಿಸಿದ್ದ ಹಾಗೆ, ರಿಂಗಿನ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಹತ್ತಿದರು. ಮೊದಲ ಹತ್ತು ನಿಮಿಷ ಚೆಂದ. ಎಸೆತ, ಹಾರಾಟ, ಕೂಗಾಟ. ಮಕ್ಕಳು ಕುರ್ಚಿ ಹತ್ತಿದ್ದರು. ಆಮೇಲೆ ನಿಶಾ ಸೀನಾಳನ್ನು ಕೆಡವಿ ಎರಡೂ ಭುಜ ನೆಲಕ್ಕೆ ಒತ್ತಿ ಕುಳಿತಳು. ಮೂರು ಎಣಿಸುವವರೆಗೆ ಒತ್ತಿಟ್ಟರೆ ಗೆಲುವು. ರೆಫರಿ ಎಣಿಸಿದ. ಒಂದು, ಎರಡು. ಸೀನಾ ಒದೆದು ಎದ್ದಳು. ಜನ ಕೂಗಿದರು. ನಿಶಾ ಮುಖ ನಾನು ನೋಡಿದೆ. ಸೀನಾ ಮರೆತಳೇನೋ ಎಂಬ ಮುಖ. ಮತ್ತೆ ಒತ್ತಿದಳು, ಸೀನಾ ಮತ್ತೆ ಎದ್ದಳು. ಈಗ ಸೀನಾ ಸರದಿ. ನಿಶಾಳ ಕುತ್ತಿಗೆಯನ್ನು ಕಂಕುಳಲ್ಲಿ ಹಿಡಿದು, ಸೋತೆ ಎಂದು ಕೈ ತಟ್ಟಲಿ ಎಂದು ಕಾದಳು. ನಿಶಾ ತಟ್ಟಲಿಲ್ಲ. ಸೀನಾ ಅವಳ ಕಿವಿಯಲ್ಲಿ ಏನೋ ಕೇಳಿದಳು. ನಿಶಾ ಏನೋ ಹೇಳಿದಳು. ಅಷ್ಟೇ.

ಸದ್ದು ನಿಂತುಹೋಯಿತು. ನಾಟಕದ ಕುಸ್ತಿ ಗದ್ದಲದ್ದು, ನಿಜವಾದ ಕುಸ್ತಿಗೆ ಸದ್ದಿಲ್ಲ. ಉಸಿರು, ಚರ್ಮ ಚರ್ಮಕ್ಕೆ ಉಜ್ಜುವುದು, ಅಷ್ಟು ಬಿಟ್ಟರೆ ಏನೂ ಕೇಳುವುದಿಲ್ಲ. ಅಪ್ಪನ ಗರಡಿ ಬಿಟ್ಟು ಐವತ್ತೆಂಟು ವರ್ಷದ ಮೇಲೆ ಆ ಮೌನವನ್ನು ಕೇಳಿದೆ. ಜನರ ಗಲಾಟೆ ಕೂಡ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಇಳಿಯುತ್ತಾ ಹೋಯಿತು. ಯಾರದೋ ಮಗು ಚಿಪ್ಸಿನ ಪೊಟ್ಟಣ ಹಿಸುಕಿದ್ದು ಕೇಳಿಸಿತು. ಸೀನಾ ಬಿಗಿದಳು, ನಿಶಾ ಮುಖ ಕೆಂಪಾಗಿ ಆಮೇಲೆ ಬೇರೆ ಬಣ್ಣವಾಯಿತು. ರೆಫರಿಗೆ ತಿಳಿಯಲಿಲ್ಲ, ಹೊಸ ನಾಟಕ ಎಂದುಕೊಂಡ. ಜುಬೇದಾ ನನ್ನ ಸೆರಗು ಹಿಡಿದಿದ್ದಳು.

ನಿಶಾ ಮೊಣಕಾಲೂರಿ ತಿರುಗಿದಳು. ಹೇಗೆ ತಿರುಗಿದಳೆಂದು ಅಲ್ಲಿ ನನಗೊಬ್ಬಳಿಗೇ ಗೊತ್ತು. ಸೀನಾಳ ಹಿಂದೆ ಬಂದು ಅವಳ ಬಲಗೈ ಬೆನ್ನ ಹಿಂದಕ್ಕೆ ಹಾಕಿ, ತನ್ನ ಕೈಯನ್ನು ಭುಜದ ಕೆಳಗಿಂದ ತೂರಿಸಿ ಲಾಕು ಮಾಡಿದಳು. ನಮ್ಮಪ್ಪನ ಪಟ್ಟು. ಬೆರಳು ಕೂಡ ಇರಬೇಕಾದಲ್ಲೇ ಇತ್ತು. ಒಂದು ಗಳಿಗೆ ನನಗಾದದ್ದು ಹೆದರಿಕೆಯಲ್ಲ, ಖುಷಿ. ಅದನ್ನು ಬರೆಯದಿದ್ದರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ. ಆಮೇಲೆ ಸೀನಾ ಭುಜದಿಂದ ಒಂದು ಸಣ್ಣ ಸದ್ದು ಬಂತು, ಹಸಿ ಕಡ್ಡಿ ಬಗ್ಗಿದ ಹಾಗೆ. ಅವಳು ಕೂಗಲಿಲ್ಲ, ಸೋತೆನೆಂದು ತಟ್ಟಲೂ ಇಲ್ಲ. ಕಂಪನಿ ತನ್ನದೆಂದು ಹೇಳಿದವರು ಎದುರಿಗೇ ಕುಳಿತಿದ್ದರಲ್ಲ, ಅವರನ್ನೇ ನೋಡುತ್ತಿದ್ದಳು.

ಸಾಹೇಬರು ಮುಂದಕ್ಕೆ ಬಾಗಿದ್ದರು. ಅವರಿಗೂ ಆ ಮೌನ ಗೊತ್ತಾಗಿತ್ತು, ಮೈಗೆ ಗೊತ್ತಾಗಿತ್ತು, ತಲೆಗೆ ಸಿಗುತ್ತಿರಲಿಲ್ಲ. ನನ್ನ ಕಡೆ ವಾಲಿ ಕಿವಿಯಲ್ಲಿ ಕೇಳಿದರು.

"ತಂಗ್ಯಮ್ಮ, ನಾನು ಯಾರಿಗೆ ಅಂದಿದ್ದೆ?"

ಅವರ ಕಣ್ಣು ನೀರಾಡುತ್ತಿತ್ತು. ನಿಶಾ ಎಂದಿದ್ದರೆ ನಿಶಾ ಆಗುತ್ತಿತ್ತು, ಸೀನಾ ಎಂದಿದ್ದರೆ ಸೀನಾ. ಅವರು ಕಟ್ಟಿದ್ದೆಲ್ಲ ಆ ಒಂದು ಗಳಿಗೆ ನನ್ನ ಬಾಯಲ್ಲಿತ್ತು.

"ಸಮ ಅಂದಿದ್ರಿ ಸಾಯೇಬ್ರೇ. ಜೋಡಿ ಸಮ."

"ಸಮ ಅಂದಿದ್ನಾ?" ಎಂದರು. ಮುಖ ಬಿಡಿಸಿಕೊಂಡಿತು. ನಮ್ಮೂರಿನಲ್ಲಿ ಇಬ್ಬರೂ ಬೀಳದಿದ್ದರೆ ಹೇಳುವ ಮಾತು ಅದು, ಅವರ ತಲೆಯಲ್ಲಿ ಆ ಜಾಗ ಇನ್ನೂ ಗಟ್ಟಿಯಾಗಿತ್ತು. ಹೆಗಲಿಗೆ ಕೈ ಹಾಕಿದರೆ ಟವಲಿಲ್ಲ. ಜಾರಿ ತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು. ನಾನು ಎಳೆದು ಕೈಗೆ ಕೊಟ್ಟೆ. ಎಸೆದರು. ಎರಡು ಅಡಿ ಹೋಗಿ ತಮ್ಮ ಕಾಲ ಮುಂದೆಯೇ ಬಿತ್ತು. ಆಗ ಜುಬೇದಾ ಎದ್ದಳು. ದುಪಟ್ಟಾ ಒಂದು ಕೈಯಲ್ಲಿ ಹಿಡಿದುಕೊಂಡು, ಟವಲನ್ನು ಎತ್ತಿ, ರಿಂಗಿನ ಹಗ್ಗದ ಮೇಲಿಂದ ಬೀಸಿ ಒಗೆದಳು. ರೆಫರಿ ಮುಖಕ್ಕೇ ಹೋಗಿ ಬಡಿಯಿತು. ಬೆಲ್ಲು ಹೊಡೆಯಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಷ್ಟೋ ಹೊತ್ತು ತಟ್ಟಿದರು. ಸಾಹೇಬರು ಕೈಯೆತ್ತಿ ಸಲಾಮು ಮಾಡಿದರು. ಕಥೆ ಹುಟ್ಟಿದ್ದು ಅಲ್ಲೇ. ಸೀನಾಳನ್ನು ಹಿಂದಿನ ಬಾಗಿಲಿಂದ ಆಸ್ಪತ್ರೆಗೆ ಕರೆದೊಯ್ದರು. ನಿಶಾ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ನಾನು ಕುತ್ತಿಗೆಗೆ ಐಸು ಇಡಲು ಹೋದರೆ ಕೈ ತಳ್ಳಿದಳು. "ಹೀ ಲೈಡ್ ಟು ಮೀ, ಅಜ್ಜಿ. ನನ್ನ ಕೈ ಹಿಡ್ಕೊಂಡು." ಹೊರಗೆ ಜನ ಅವರ ಜಾಣತನಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಒಳಗೆ ಅವರು ಸುಳ್ಳುಗಾರ. ಆಸ್ಪತ್ರೆಯಲ್ಲಿ ಇನ್ನೊಬ್ಬಳಿಗೂ ಹಾಗೇ ಅನ್ನಿಸಿರಬೇಕು. ಪಾಪ ಎನ್ನಿಸಿಕೊಳ್ಳಬಾರದೆಂದು ನಾವಿಬ್ಬರು ಹೆಂಗಸರು ಅವರಿಗೆ ಕೊಡಿಸಿದ ಮರ್ಯಾದೆ ಇದು.

ಮುಂದೇನಾಯಿತು ಎನ್ನುವವರಿಗೆ ಹೇಳಿಬಿಡುತ್ತೇನೆ. ಸಾಹೇಬರು ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಕೊಂಡರು. ಪಂದ್ಯ ನಡೆದದ್ದೇ ಅವರಿಗೆ ನೆನಪಿರಲಿಲ್ಲ. ಈಗ ಪೆನ್‌ರೋಸಿನ ಶೆಡ್ಡಿನಲ್ಲಿ ಜೋಡಿ ಕಟ್ಟುವವರು ಇಬ್ಬರು, ನಿಶಾ ಮತ್ತು ಸೀನಾ. ಆಡುವವರ ಎರಡು ಕೈ, ಕಟ್ಟುವವರ ನಾಲ್ಕು ಕೈ, ಎಲ್ಲ ಒಂದರ ಮೇಲೊಂದು ಇರಲೇಬೇಕು. ಒಬ್ಬರು ಬರದಿದ್ದರೆ ಆ ಜೋಡಿಯೇ ಇಲ್ಲ. ಸೀನಾ ಭುಜಕ್ಕೆ ಆಪರೇಷನ್ ಆಯಿತು, ಒಂದು ವರ್ಷ ಹಿಡಿಯಿತು. ಅವರಿಬ್ಬರೂ ಒಬ್ಬರಿಗೊಬ್ಬರು ಸರಿಹೋಗಿದ್ದಾರೆ. ನನ್ನ ಜೊತೆ ಅಷ್ಟಕ್ಕಷ್ಟೇ. ಹೊಲಿಗೆ ಮಾತ್ರ ನನಗೇ ಕೊಡುತ್ತಾರೆ, ಬೇರೆಯವರದು ಬಿರಿಯುತ್ತದೆ.

ಪಂದ್ಯದ ಮಾರನೆಯ ಬೆಳಿಗ್ಗೆ ಆರು ಗಂಟೆಗೆ ನಿಶಾಳನ್ನು ಎಬ್ಬಿಸಿದೆ. ಕುತ್ತಿಗೆಯ ಸುತ್ತ ನೀಲಿ ಪಟ್ಟಿ ಬಿದ್ದಿತ್ತು. ಸಾಹೇಬರು ಸುಳ್ಳು ಹೇಳಲಿಲ್ಲ, ಮರೆತರು, ನಾನು ಅಲ್ಲೇ ಇದ್ದೆ, ನನಗೆ ಹದಿನಾರು ದಿನದಿಂದ ಗೊತ್ತಿತ್ತು ಎಂದು ಕನ್ನಡದಲ್ಲಿ ನೆಟ್ಟಗೆ ಹೇಳಿದೆ. ಸೀನಾ ಮನೆಗೆ ಕಾರಿನಲ್ಲಿ ಬಿಡು ಎಂದೆ. ಅವಳು ಮಗ್ಗುಲು ತಿರುಗಿ ಗೋಡೆ ನೋಡಿದಳು.

ಎರಡು ಬಸ್ಸು ಬದಲಿಸಿ ಹೋದೆ. ಭಾನುವಾರ ಬಸ್ಸು ಕಡಿಮೆ. ದಾರಿಯುದ್ದಕ್ಕೂ ಇಂಗ್ಲಿಷು ಜೋಡಿಸಿಕೊಂಡೆ. ಮ್ಯಾಂಗೆರೆಯ ಆ ಮನೆಯಲ್ಲಿ ಎಲ್ಲರೂ ಬಿಳೀ ಬಟ್ಟೆ ಹಾಕಿಕೊಂಡು ಚರ್ಚಿಗೆ ಹೊರಟಿದ್ದರು. ಸೀನಾ ಒಬ್ಬಳು ಹಿಂದೆ ಉಳಿದಿದ್ದಳು, ಬಲಗೈ ಕುತ್ತಿಗೆಗೆ ಕಟ್ಟಿತ್ತು. ಬಾಗಿಲು ತೆರೆದು ನಿಂತಳು, ಒಳಗೆ ಕರೆಯಲಿಲ್ಲ.

"ಅಂಕಲ್ ನಾಟ್ ಲೈಯರ್," ಎಂದೆ. "ಅಂಕಲ್ ಫರ್ಗಾಟ್. ಹಿಸ್ ಹೆಡ್ ನಾಟ್ ಗುಡ್. ಐ ಸಿಟ್ಟಿಂಗ್ ದೇರ್, ಟ್ಯೂಸ್‌ಡೇ, ಥರ್ಸ್‌ಡೇ. ಐ ನೋ. ಐ ನಾಟ್ ಟೆಲ್."

ಅವಳು ಒಂದೇ ಮಾತು ಕೇಳಿದಳು. "ವೈ, ಆಂಟಿ?"

ಜುಬೇದಾ ಹೆಸರು ಹೇಳಬಹುದಿತ್ತು. ಇಂಗ್ಲಿಷಿನಲ್ಲಿ ಅದನ್ನೂ ಜೋಡಿಸಿಕೊಂಡೇ ಬಂದಿದ್ದೆ. ಆದರೆ ಅವಳ ಕೈ ನೋಡಿದಮೇಲೆ ಆ ಮಾತು ಬರಲಿಲ್ಲ.

"ಐ ವಾಂಟ್ ಟು ಸೀ," ಎಂದೆ. "ರಿಯಲ್ ಕುಸ್ತಿ. ಒನ್ ಟೈಮ್."

ಅವಳು ತಲೆಯಾಡಿಸಿದಳು, ಅರ್ಥವಾಯಿತು ಎನ್ನುವ ಹಾಗೆ. ಎಡಗೈಯಿಂದ ಬಾಗಿಲು ಹಾಕಿಕೊಂಡಳು, ಮೆತ್ತಗೆ. ವಾಪಸು ಬಸ್ಸಿಗೆ ನಲವತ್ತು ನಿಮಿಷವಿತ್ತು. ಅವರ ಮೆಟ್ಟಿಲ ಮೇಲೆ ಕೂರುವುದು ಸರಿಯಲ್ಲವೆಂದು ರಸ್ತೆಗೆ ಬಂದು ಸ್ಟಾಪಿನಲ್ಲಿ ನಿಂತೆ.